ಹೆಡೆಗೂ ಬಾಲಕ್ಕೂ ಹಿಡಿದ ದೀಪ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಕೆಂಪು ದೀಪ ಇದೆ. ಬಾಗುವ ಕತ್ತು, ತಗಡಿನ ಮುಚ್ಚಳ, ಒಳಗೆ ಅಂಗೈಯಗಲದ ಬಲ್ಬು. ಹಚ್ಚಿದರೆ ಬೆಳಕಿಗಿಂತ ಕಾವೇ ಹೆಚ್ಚು. ಮನೆಗೆ ಸುಣ್ಣ ಹೊಡೆಸಿದಾಗಲೆಲ್ಲ ಕೆಳಗಿಳಿಸಿ, ಧೂಳು ಒರೆಸಿ, ಮತ್ತೆ ಅಲ್ಲೇ ಇಡುತ್ತ ಬಂದಿದ್ದೇನೆ. ಅದರ ವಿಷಯ ಬರೆದು ಮುಗಿಸಿಬಿಡೋಣ ಎಂದು ಕೂತಿದ್ದೇನೆ.

ಹೈದರಾಬಾದಿನ ಆ ತುದಿಯಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ನಾನು ಈ ತುದಿಯಲ್ಲಿ, ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳ ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದೆ. ಮೆಟ್ರಿಕ್ ಮುಗಿಸಿ ಕಲಬುರಗಿ ಕಡೆಯಿಂದ ಬಂದವನು. ಜೊತೆಯವರು ಒಬ್ಬೊಬ್ಬರಾಗಿ ಬಿಟ್ಟು ಹೊಸ ಕಟ್ಟಡಗಳ ಕಾವಲಿಗೋ ಕ್ಯಾಂಟೀನಿಗೋ ಹೋದರು. ಅವರ ಪಾಳಿಯೂ ಉಳಿದವರ ಹೆಗಲಿಗೆ ಬಿತ್ತು. ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುವುದು ಆಗ ಕಲಿತೆ. ಇದನ್ನು ನೆಪವಾಗಿ ಹೇಳುತ್ತಿಲ್ಲ ಎಂದು ಬರೆಯಬೇಕೆಂದಿದ್ದೆ. ಆದರೆ ನೆಪವೇ ಇರಬೇಕು.

ನನ್ನ ಹೆಂಡತಿಗೆ ಸರ್ಪಸುತ್ತು ಆಯಿತು. ಮೊದಲು ಬೆನ್ನಿನ ಬಲಗಡೆ ಉರಿ, ಆಮೇಲೆ ಸಾಲಾಗಿ ನೀರುಗುಳ್ಳೆ. ಬೆನ್ನಿನಿಂದ ಹೊರಟು ಪಕ್ಕೆ ಬಳಸಿ ಎದೆಯ ಕೆಳಗಿನವರೆಗೂ ಬಂತು. ನಮ್ಮ ಕಡೆ ಇದಕ್ಕೆ ಹೆಡೆ ಮತ್ತು ಬಾಲ ಇರುತ್ತವೆ ಎನ್ನುತ್ತಾರೆ. ಎರಡೂ ಮೈಸುತ್ತ ಬಂದು ಕೂಡಿದರೆ ಜೀವ ಉಳಿಯುವುದಿಲ್ಲ ಎಂಬ ನಂಬಿಕೆ. ಅವಳು ಊರಿಗೆ ಹೋಗಿ ಅಕ್ಕನ ಕೈಯಿಂದ ಜಾಜು ಹಚ್ಚಿಸಿಕೊಳ್ಳುತ್ತೇನೆ ಎಂದಳು. ಜಾಜು ಎಂದರೆ ಗೋಡೆಗೆ ಬಳಿಯುವ ಕೆಮ್ಮಣ್ಣು. ಔಷಧ ಕಾರ್ಖಾನೆಯವನ ಹೆಂಡತಿ ಮಣ್ಣು ಮೆತ್ತಿಕೊಳ್ಳುವುದೇ ಎಂದು ನಾನು ನಕ್ಕೆ. ನಕ್ಕೆನಾದರೂ ಸ್ನಾನಕ್ಕೆ ಮುಂಚೆ ಅವಳನ್ನು ತಿರುಗಿಸಿ ನಿಲ್ಲಿಸಿ, ಹೆಡೆ ಎಲ್ಲಿಗೆ ಬಂದಿದೆ ಎಂದು ನಾನೇ ನೋಡುತ್ತಿದ್ದೆ.

ಮೇಲಿನ ಕೋಣೆಯಲ್ಲಿ ಮೈಸೂರಿನ ಒಬ್ಬ ಹುಡುಗ ಬಾಡಿಗೆಗಿದ್ದ. ಸಾಫ್ಟ್‌ವೇರ್ ಕೆಲಸ. ನನ್ನ ಹೆಂಡತಿ ಬಡಿದ ರೊಟ್ಟಿ ತಿಂದು, ಖಾರಕ್ಕೆ ಕಣ್ಣಲ್ಲಿ ನೀರು ಹಾಕುತ್ತಿದ್ದ. ನಿಮ್ಮ ಕನ್ನಡದಂಗ ನಿಮ್ಮ ನಾಲಿಗಿನೂ ಬೆಣ್ಣಿ ಐತಿ ನೋಡ್ರಿ ಎಂದು ಇವಳು ಛೇಡಿಸುತ್ತಿದ್ದಳು. ರೊಟ್ಟಿ ಬರುವುದು ನಿಂತಾಗ ಅವನು ಕೆಳಗೆ ಬಂದು ವಿಚಾರಿಸಿದ. ಕಂಪ್ಯೂಟರಿನಲ್ಲಿ ಏನೋ ಓದಿ, ಕೋಠಿಯ ಸರ್ಜಿಕಲ್ ಅಂಗಡಿಯಿಂದ ಆ ದೀಪ ತಂದುಕೊಟ್ಟ. ದೂರ ಇಟ್ಟು ಸ್ವಲ್ಪ ಹೊತ್ತು ಹಿಡಿಯಬೇಕು ಎಂದು ತೋರಿಸಿದ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ:

“ಅಂಕಲ್, ಇದು ನೋವಿಗೆ ಅಷ್ಟೇ. ಮೊದ್ಲು ಡಾಕ್ಟ್ರಿಗೆ ತೋರ್ಸಿ. ಮಾತ್ರೆ ಬೇಗ ಶುರು ಮಾಡ್ಬೇಕಂತೆ, ತಡ ಆದ್ರೆ ಉಪಯೋಗ ಇಲ್ವಂತೆ.”

ಅವನ ಮಾತಿನಲ್ಲಿ ಅರ್ಧ ಕೇಳಿದೆ, ಅರ್ಧ ಬಿಟ್ಟೆ.

ಗಂಡಸು ಡಾಕ್ಟರ ಮುಂದೆ ಕುಪ್ಪಸ ಬಿಚ್ಚಲು ಅವಳು ಒಪ್ಪಲಿಲ್ಲ. ನೀವೇ ಹೋಗಿ ಹೇಳಿ, ಅವರೇನಂತಾರೋ ಕೇಳಿಕೊಂಡು ಬರ್ರಿ ಎಂದಳು. ಪಾಳಿ ಮುಗಿಸಿ ನಾಂಪಲ್ಲಿಗೆ ಹೋದೆ. ಚರ್ಮದ ಡಾಕ್ಟರ ಬಾಗಿಲ ಹೊರಗೆ ಬೆಂಚು ಹಾಕಿದ್ದರು. ಕೂತೆ. ಕಣ್ಣು ಎಳೆಯುತ್ತಿತ್ತು. ರೋಗಿ ಎಲ್ಲಿ ಎಂದು ಕೇಳಿದರೆ ಏನು ಹೇಳುವುದು, ಕರೆದುಕೊಂಡು ಬಾ ಎಂದರೆ ಮತ್ತೊಂದು ರಜೆ ಎಲ್ಲಿಂದ ತರುವುದು ಎಂದು ಯೋಚಿಸುತ್ತ ಕೂತೆ. ಆಮೇಲೆ ಎದ್ದು ಬಸ್ಸು ಹಿಡಿದೆ.

ಮನೆಗೆ ಬಂದಾಗ ಅವಳು ಗೋಡೆಗೆ ಎಡ ಭುಜ ಆನಿಸಿ ಕೂತಿದ್ದಳು. ಏನಂದರು ಎಂದು ಕೇಳಿದಳು. ಎದುರಿನ ಕಪಾಟಿನ ಮೇಲೆ ಆ ದೀಪ ಇತ್ತು.

“ದೀಪ ಹಿಡೀರಿ, ಅಷ್ಟ ಸಾಕು ಅಂದ್ರು,” ಎಂದೆ.

ನಾನು ಹೇಳಿದ ಸುಳ್ಳು ಇಷ್ಟೇ.

ಸಂಜೆ ಮನೆಯ ಲೈಟು ಹಾಕಿದೊಡನೆ ಕೈಮುಗಿಯುವುದು ಅವಳ ರೂಢಿ. ಈ ದೀಪಕ್ಕೂ ಹಾಗೇ ಕೈಮುಗಿದು, ಬೆನ್ನು ತಿರುಗಿಸಿ ಕೂರುತ್ತಿದ್ದಳು. ಡಾಕ್ಟರು ಹೇಳಿದ್ದು ಎಂದು ಒಂದು ಸಂಜೆಯನ್ನೂ ತಪ್ಪಿಸಲಿಲ್ಲ. ನಾನು ಹಿಡಿಯುತ್ತಿದ್ದುದಾದರೂ ಎಲ್ಲಿಗೆ? ಗುಳ್ಳೆ ದಟ್ಟವಾಗಿ ಕೀವು ಕಟ್ಟಿದ್ದ ಪಕ್ಕೆಗಲ್ಲ. ಒಮ್ಮೆ ಎದೆಯ ಕೆಳಗಿನ ತುದಿಗೆ, ಒಮ್ಮೆ ಬೆನ್ನೆಲುಬಿನ ಹತ್ತಿರದ ತುದಿಗೆ. ಹೆಡೆ ಮುಂದಕ್ಕೆ ಹರಿಯಬಾರದು, ಬಾಲ ಬೆಳೆಯಬಾರದು. ಊರಿನ ಹಾವಿಗೆ ಅಂಗಡಿಯ ದೀಪ ತೋರಿಸಿ ಹೆದರಿಸುತ್ತ ಕೂತಿದ್ದೆವು.

“ಹೆಡಿ ಎಲ್ಲಿಗೆ ಬಂತ್ರಿ?” ಎಂದು ಅವಳು ಕೇಳುತ್ತಿದ್ದಳು.

“ಅಲ್ಲೇ ನಿಂತೈತಿ.”

ನಿಜವಾಗಿಯೂ ನಿಂತಿತು. ಗುಳ್ಳೆ ಒಣಗಿ ಹೊಪ್ಪಳೆ ಉದುರಿತು. ಗೆದ್ದೆವು ಎಂದುಕೊಂಡೆವು. ನೋವು ಮಾತ್ರ ಹೋಗಲಿಲ್ಲ. ಸೆರಗು ತಾಗಿದರೆ ಕೆಂಡ ತಾಗಿದಂತೆ ಎನ್ನುತ್ತಿದ್ದಳು. ಬಲಗೈ ಎತ್ತಿ ರೊಟ್ಟಿ ಬಡಿಯುವುದು ನಿಂತಿತು. ಮೈಸೂರಿನ ಹುಡುಗ ಹೋಟೆಲಿಗೆ ಹೋಗತೊಡಗಿದ, ಆಮೇಲೆ ಆಫೀಸಿನ ಹತ್ತಿರ ಮನೆ ಮಾಡಿದ.

ಬೇಸಿಗೆ ಬರುವ ಹೊತ್ತಿಗೆ ತಡೆಯಲಾಗದೆ ಒಬ್ಬ ಹೆಣ್ಣು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಕೆ ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದರು. ಇದು ಹಾವಲ್ಲ, ವೈರಸ್ಸು. ಚಿಕ್ಕಂದಿನಲ್ಲಿ ಸಿಡುಬಿನಂಥ ಗುಳ್ಳೆ ಎದ್ದಿರುತ್ತದಲ್ಲ, ಅದೇ ನರದೊಳಗೆ ಅಡಗಿದ್ದು ಎದ್ದು ಬರುತ್ತದೆ. ಸಾಮಾನ್ಯವಾಗಿ ಮೈಯ ಒಂದೇ ಬದಿಗಿರುತ್ತದೆ. ಇನ್ನೊಂದು ಬದಿ ದಾಟಿ ಕೂಡುವ ಮಾತೇ ಬರುವುದಿಲ್ಲ. ಮೊದಲ ದಿನಗಳಲ್ಲೇ ಮಾತ್ರೆ ಕೊಟ್ಟಿದ್ದರೆ ಈ ನೋವು ಇಷ್ಟು ಉಳಿಯದೆ ಇರಬಹುದಿತ್ತು. ನಾವು ದೀಪ ಹಿಡಿದದ್ದು ಕೇಳಿ, ದೀಪ ಒಂದೇ ಸಾಕೆಂದವರು ಯಾರು ಎಂದರು. ನಾಂಪಲ್ಲಿಯ ಡಾಕ್ಟರು, ಇವರೇ ಹೋಗಿ ಕೇಳಿ ಬಂದರು ಎಂದು ನನ್ನ ಹೆಂಡತಿ ನನ್ನ ಕಡೆ ಕೈ ಮಾಡಿದಳು. ಡಾಕ್ಟರು ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಆಗಲೂ ಹೇಳಲಿಲ್ಲ. ನೋವಿಗೆ ಬರೆದುಕೊಟ್ಟ ಮಾತ್ರೆ ಕೊಂಡು ಆಟೋದಲ್ಲಿ ಬಂದೆವು. ವರ್ಷ ಕಳೆದಂತೆ ನೋವು ಒಂದಿಷ್ಟು ಇಳಿಯಿತು, ಪೂರ್ತಿ ಬಿಡಲಿಲ್ಲ. ಇವತ್ತಿಗೂ ಅವಳು ಸೆರಗನ್ನು ಬಲಪಕ್ಕೆಯಿಂದ ಎರಡು ಬೆರಳಲ್ಲಿ ದೂರ ಹಿಡಿದೇ ನಡೆಯುತ್ತಾಳೆ. ಆದರೂ ಆ ದೀಪ ಇಲ್ಲದಿದ್ದರೆ ಹೆಡೆ ಬಾಲ ಕೂಡಿ ತಾನು ಅಂದೇ ಹೋಗಿಬಿಡುತ್ತಿದ್ದೆ ಎಂದೇ ಅವಳು ನಂಬಿದ್ದಳು. ಹೆಣ್ಣು ಡಾಕ್ಟರ ಮಾತಿಗಿಂತ ನಾನು ತಂದ ಮಾತು ಅವಳಿಗೆ ದೊಡ್ಡದಾಗಿತ್ತು.

ಕಳೆದ ತಿಂಗಳು ಎದುರುಮನೆಯ ತೆಲುಗಿನ ಹೆಣ್ಣುಮಗಳಿಗೆ ಸೊಂಟದ ಮೇಲೆ ಗುಳ್ಳೆ ಎದ್ದವು. ನನ್ನ ಹೆಂಡತಿ ನೋಡಿ ಬಂದು, ಅದೇ ಐತಿ, ನಿನ್ನೆ ಎದ್ದಾವಂತ, ಅಟ್ಟದ ಮ್ಯಾಲಿನ ದೀಪ ಇಳಸ್ರಿ, ಕೊಟ್ಟು ಬರ್ತೀನಿ ಎಂದಳು. ಸ್ಟೂಲು ಹತ್ತಿ ಇಳಿಸಿ, ಅದರ ಮೇಲೇ ಕೂತು ತೊಡೆಯ ಮೇಲಿಟ್ಟುಕೊಂಡೆ. ಒರೆಸಿದೆ. ಒರೆಸಿದ ಮೇಲೂ ಒರೆಸುತ್ತಲೇ ಇದ್ದೆ.

“ಕೊಡ್ರಿ ಇತ್ಲಾಗ. ಡಾಕ್ಟರ್ ಹೇಳಿದ ದೀಪ ಅಂತ ಹೇಳೀನಿ ಆಕಿಗೆ.”

“ಡಾಕ್ಟರ್ ಹೇಳಿಲ್ಲ,” ಎಂದೆ. “ನಾ ಒಳಗ ಹೋಗಲೇ ಇಲ್ಲ. ಹೊರಗ ಕುಂತು ಎದ್ದು ಬಂದೆ.”

ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ನನ್ನ ಮುಖ ನೋಡಿದಳು, ದೀಪ ನೋಡಿದಳು. ಆಮೇಲೆ ಬಾಗಿಲಿಗೆ ಹೋಗಿ, ಸೀರೆ ಬದಲಿಸಿಕೋ, ಈಗಲೇ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರುತ್ತೇನೆ ಎಂದು ಎದುರುಮನೆಗೆ ತೆಲುಗಿನಲ್ಲಿ ಕೂಗಿ ಹೇಳಿದಳು. ಒಳಗೆ ಬಂದು ಕೈಚೀಲ ತೆಗೆದುಕೊಂಡಳು. ಚಪ್ಪಲಿ ಮೆಟ್ಟುವಾಗ, ನನ್ನ ಕಡೆ ತಿರುಗದೆ, ಕೇಳಿದಳು:

“ಮಂದಿ ಭಾಳ ಇದ್ರೇನ್ರಿ ಅವತ್ತು?”

ಹೌದು ಎನ್ನುವ ಮಾತು ಬಾಯಿಗೆ ಬಂದಿತ್ತು.

“ಇಲ್ಲ,” ಎಂದೆ. “ಇಬ್ಬರೋ ಮೂವರೋ ಇದ್ರು.”

ಅವಳು ಸೆರಗನ್ನು ಪಕ್ಕೆಯಿಂದ ಬಿಡಿಸಿ ಹಿಡಿದುಕೊಂಡು ಮೆಟ್ಟಿಲಿಳಿದಳು. ದೀಪ ನನ್ನ ತೊಡೆಯ ಮೇಲೇ ಇತ್ತು.