ಎಡಗೆನ್ನೆಯ ಮಚ್ಚೆ

ಸರ್ಕಾರಿ ಅರ್ಜಿಗಳು ಯಾಕೆ ತಡವಾಗುತ್ತವೆ ಎಂದು ಯಾರಾದರೂ ಕೇಳಿದರೆ ಆಗೆಲ್ಲ ನಾನು ಅರ್ಧ ಗಂಟೆ ಬಿಡದೆ ಮಾತನಾಡುತ್ತಿದ್ದೆ. ಕೇಳದಿದ್ದರೂ ಮಾತನಾಡುತ್ತಿದ್ದೆ. ಪರ್ತ್‌ನಲ್ಲಿ ನನಗೆ ಸಂಬಳ ಬರುತ್ತಿದ್ದದ್ದೇ ಅದಕ್ಕೆ. ಮನೆ ಕಟ್ಟುವ ಪರವಾನಗಿಯ ಅರ್ಜಿ ಯಾವ ಮೇಜಿನ ಮೇಲೆ ಎಷ್ಟು ದಿನ ಮಲಗಿರುತ್ತದೆ ಎಂದು ಪತ್ತೆಹಚ್ಚಿ, ಅದನ್ನು ಎಬ್ಬಿಸುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಹಾಗಾಗಿ ಮಗಳು ಹುಟ್ಟಿದಾಗ ಅವಳ ಪಾಸ್‌ಪೋರ್ಟ್ ಬಗ್ಗೆ ನನಗೆ ಎಳ್ಳಷ್ಟೂ ಚಿಂತೆಯಿರಲಿಲ್ಲ. ನಾವಿಬ್ಬರೂ ಕೆಲಸದ ವೀಸಾದಲ್ಲಿದ್ದವರು, ಆದ್ದರಿಂದ ಆಸ್ಟ್ರೇಲಿಯಾದಲ್ಲಿ ಹುಟ್ಟಿದರೂ ಮಗುವಿಗೆ ಭಾರತದ ಪಾಸ್‌ಪೋರ್ಟೇ ಆಗಬೇಕಿತ್ತು. ಹತ್ತು ದಿನ ಸಾಕು ಎಂದಳು ಬ್ರಿಸ್ಬೇನಿನ ಗೆಳತಿ. ಎರಡು ತಿಂಗಳು ಹಿಡಿಯುತ್ತದೆ ಎಂದಿಟ್ಟುಕೋ ಎಂದರು ಅಡಿಲೇಡಿನ ಭಾವ. ನಾನು ಫ್ರಿಜ್ಜಿನ ಬಾಗಿಲಿಗೆ ಒಂದು ನಕ್ಷೆ ಅಂಟಿಸಿದೆ. ಅರ್ಜಿ ಎಲ್ಲೆಲ್ಲಿ ಸಿಕ್ಕಿಕೊಳ್ಳಬಹುದೋ ಅಲ್ಲೆಲ್ಲ ಕೆಂಪು ಚೌಕ. ಎಲ್ಲ ಚೌಕಗಳೂ ಸರ್ಕಾರದವೇ, ನಮ್ಮ ಮನೆಯದು ಒಂದೂ ಇರಲಿಲ್ಲ.

ಚಿಂತೆಯೆಲ್ಲ ಅಮ್ಮನದು. ಬಾಣಂತನಕ್ಕೆಂದು ಮೈಸೂರಿನಿಂದ ಪರ್ತ್‌ನ ಎಲೆನ್‌ಬ್ರೂಕ್ ಬಡಾವಣೆಯ ನಮ್ಮ ಮನೆಗೆ ಬಂದಿದ್ದ ಅವಳಿಗೆ ಸಿಕ್ಕಿದ್ದು ಮೂರು ತಿಂಗಳ ವೀಸಾ. ಅದು ಮುಗಿಯುವ ಹೊತ್ತಿಗೆ ಅವಳು, ನಾನು, ಮಗು ಮೂವರೂ ಒಟ್ಟಿಗೆ ಊರಿಗೆ ಹೊರಡುವುದೆಂದು ಟಿಕೆಟ್ ಆಗಿತ್ತು. ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಬರುತ್ತೇನೆ ಎಂದು ಅಮ್ಮ ಸ್ಕೈಪ್‌ನಲ್ಲಿ ಇಡೀ ಬೀದಿಗೆ ಸಾರಿದ್ದಳು. ಸಾಲದ್ದಕ್ಕೆ, ಸಿಂಗಪುರದಲ್ಲಿ ಒಬ್ಬಳೇ ವಿಮಾನ ಬದಲಿಸುವುದೆಂದರೆ ಅವಳ ಕೈಕಾಲು ನಡುಗುತ್ತಿದ್ದವು. ಬರುವಾಗಲೂ ಪರಿಚಯದವರೊಬ್ಬರ ಸೆರಗು ಹಿಡಿದೇ ಬಂದವಳು.

ಪರ್ತ್‌ನ ಆ ಬೇಸಿಗೆಯಲ್ಲೂ ನನ್ನ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಕಟ್ಟಿ ಅಮ್ಮ ಕೋಣೆಯಲ್ಲಿ ಕೂರಿಸಿದ್ದರಿಂದ ಮಗುವಿನ ಫೋಟೊ ತೆಗೆಸುವ ಕೆಲಸ ನನ್ನ ಗಂಡನ ಪಾಲಿಗೆ ಬಂತು. ಅಮ್ಮ ಮಗುವಿಗೆ ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಸಿಂಗರಿಸಿ ಕಳಿಸಿದಳು. ಇವರು ಔಷಧಿ ಅಂಗಡಿಯಲ್ಲಿ ಫೋಟೊ ತೆಗೆಸಿ, ಮಗುವನ್ನು ಮನೆಗೆ ಬಿಟ್ಟು, ಆಫೀಸಿನ ಊಟದ ವೇಳೆಯಲ್ಲಿ ಅರ್ಜಿ ತುಂಬಿ, ಸಂಜೆಯೊಳಗೆ ಕೊಟ್ಟೂ ಬಂದರು. ಇಷ್ಟು ಚುರುಕಾದ ಗಂಡ ಸಿಕ್ಕಿದ್ದಕ್ಕೆ ಆ ದಿನ ನಾನು ಹೆಮ್ಮೆಪಟ್ಟಿದ್ದೆ.

ಎರಡು ವಾರಕ್ಕೆ ಪತ್ರ ಬಂತು. ಕಿವಿಯ ಹತ್ತಿರ ನೆರಳು ಬಿದ್ದಿದೆ, ಬೇರೆ ಫೋಟೊ ಕಳಿಸಿ. ಅಷ್ಟರಲ್ಲಿ ನನಗೆ ಕೋಣೆಯಿಂದ ಬಿಡುಗಡೆಯಾಗಿತ್ತು. ನಾನೇ ಹೋದೆ. ಕ್ಯಾಮೆರಾದ ಮುಂದೆ ಹಿಡಿಯುವ ಮೊದಲು ಮಗುವಿನ ಕೆನ್ನೆಯ ಮೇಲೆ ಅಮ್ಮ ಇಟ್ಟಿದ್ದ ಎಂಟಾಣೆ ಅಗಲದ ದೃಷ್ಟಿಬೊಟ್ಟನ್ನು ಚರ್ಮ ಕೆಂಪಾಗುವಷ್ಟು ಉಜ್ಜಿ ಒರೆಸಿದೆ. ಫೋಟೊ ಹೋಯಿತು. ಇನ್ನೊಂದು ಪತ್ರ ಬಂತು. ಅರ್ಜಿಯ ಗುರುತಿನ ಚಿಹ್ನೆಯ ಜಾಗದಲ್ಲಿ ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ ಎಂದಿದೆ, ಮೊದಲ ಫೋಟೊದಲ್ಲಿ ಮಚ್ಚೆ ಇದೆ, ಎರಡನೆಯದರಲ್ಲಿ ಇಲ್ಲ, ಎರಡೂ ಒಂದೇ ಮಗುವಿನದೆಂದು ವೈದ್ಯರಿಂದ ಬರೆಸಿ ತನ್ನಿ. ಕೇಳಿದ್ದರಲ್ಲಿ ಅವರದೇನೂ ತಪ್ಪಿರಲಿಲ್ಲ.

"ಯಾವ ಮಚ್ಚೆ ರೀ?" ಎಂದೆ.

"ಫೋಟೋಲಿ ಇತ್ತಲ್ಲ, ನೋಡ್ಕೊಂಡು ಬರೆದೆ."

"ಅದು ಅಮ್ಮ ಇಟ್ಟಿದ್ದ ದೃಷ್ಟಿಬೊಟ್ಟು! ದಿನಾ ಎತ್ಕೊಂಡು ಓಡಾಡ್ತೀರ, ಮಗು ಮುಖಾನೇ ನೋಡಿಲ್ವಾ?"

"ನಾನು ನೋಡ್ದಾಗೆಲ್ಲ ಇತ್ತು ಕಣೇ," ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ಒಂದೊಂದ್ಸಲ ಬಲಗಡೆ ಇರ್ತಿತ್ತು," ಎಂದರು.

ನಕ್ಕುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂದ ಹಾಗೆ, ಗಂಡನ ಮೇಲಿನ ಸಿಟ್ಟನ್ನು ನಾನು ಅಮ್ಮನ ಮೇಲೆ ತೀರಿಸಿಕೊಂಡೆ. "ನಿನ್ನ ಕಾಡಿಗೆಯಿಂದ ಎಲ್ಲಾ ಹಾಳಾಯ್ತಮ್ಮ. ಈಗ ಒಬ್ಬಳೇ ಹೋಗು ಊರಿಗೆ," ಎಂದೆ. ಮಾರನೆಯ ದಿನ ಸ್ನಾನವಾದ ಮೇಲೆ ಮಗುವಿನ ಕೆನ್ನೆ ಖಾಲಿಯಿತ್ತು. ಅದರ ಮಾರನೆಯ ದಿನವೂ. ಬೊಟ್ಟು ಇಡಮ್ಮ ಎಂದು ಬಾಯಿಬಿಟ್ಟು ಹೇಳಲು ನನಗೆ ಬಿಂಕ ಬಿಡಲಿಲ್ಲ.

ಡಾಕ್ಟರು ಮಗುವಿನ ಎರಡೂ ಕೆನ್ನೆಗಳನ್ನು ಬೆಳಕಿಗೆ ತಿರುಗಿಸಿ ನೋಡಿ, ಇಲ್ಲದ ಮಚ್ಚೆ ಇಲ್ಲವೆಂದು ಸರ್ಟಿಫಿಕೇಟ್ ಬರೆದುಕೊಟ್ಟರು. ಕಾಗದ ಮತ್ತೆ ಹೋಯಿತು. ಅಮ್ಮನ ವೀಸಾ ಮಾತ್ರ ಯಾರಿಗೂ ಕಾಯಲಿಲ್ಲ. ನನ್ನ ಮತ್ತು ಮಗುವಿನ ಟಿಕೆಟ್ ಮುಂದಕ್ಕೆ ಹಾಕಿಸಿ, ಅಮ್ಮನಿಗೆ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಬೇಕೆಂದು ಇವರು ಬರೆಸಿದರು.

"ಅಳಿಯಂದಿರೇ, ನಂಗೇನು ಕಾಲಿಲ್ವೇ?" ಎಂದಳು ಅಮ್ಮ.

"ಕಾಲಿದೆ ಅತ್ತೆ, ಇಂಗ್ಲಿಷ್ ಇಲ್ವಲ್ಲ. ಕುರ್ಚಿ ತಳ್ಳೋರೇ ನಿಮ್ಮನ್ನ ಇನ್ನೊಂದು ವಿಮಾನದ ತನಕ ಕರ್ಕೊಂಡ್ಹೋಗ್ತಾರೆ."

ಹೊರಡುವ ದಿನ ಗಟ್ಟಿಮುಟ್ಟಾದ ನನ್ನ ಅಮ್ಮ ಗಾಲಿಕುರ್ಚಿಯಲ್ಲಿ ನಾಚಿಕೊಂಡು ಕೂತಿದ್ದಳು. ಮಗುವನ್ನು ಅವಳ ತೊಡೆಯ ಮೇಲೆ ಮಲಗಿಸಿದೆ. ಊರಿನ ತನಕ ಮಲಗಬೇಕಿದ್ದ ಮಗುವಿಗೆ ಸಿಕ್ಕಿದ್ದು ಹತ್ತು ನಿಮಿಷ. ಕುರ್ಚಿ ತಳ್ಳುವವರು ಬಂದು ನಿಂತಾಗ ಅಮ್ಮ ಮಗುವನ್ನು ನನಗೆ ಕೊಟ್ಟು, ಕೈಚೀಲದಿಂದ ಕಾಡಿಗೆಯ ಡಬ್ಬಿ ತೆಗೆದು ಬೆರಳಿಗೆ ಹಚ್ಚಿಕೊಂಡಳು.

"ಇಡಮ್ಮ," ಎಂದೆ. "ಎಷ್ಟು ದೊಡ್ಡದು ಬೇಕಾದ್ರೂ ಇಡು."

"ಬೇಡ ಕಣೇ. ಅದರ ಪಾಸ್‌ಪೋರ್ಟ್ ಇನ್ನೂ ಬಂದಿಲ್ಲ," ಎಂದು ನನ್ನ ಕತ್ತು ಹಿಡಿದು ಬಗ್ಗಿಸಿಕೊಂಡಳು. "ನಿಂದು ಬಂದಿದೆಯಲ್ಲ," ಎನ್ನುತ್ತ ನನ್ನ ಎಡಗೆನ್ನೆಗೆ ಬೆರಳೊತ್ತಿದಳು.