ಅಳತೆಗೆ ಕೊಟ್ಟ ಜಂಪರ್

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಹೊಲಿಗೆ ನನ್ನ ಹವ್ಯಾಸ. ಇವೆರಡನ್ನೂ ಒಟ್ಟಿಗೆ ಹೇಳಿದರೆ ಚಿಕ್ಕೋಡಿಯ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹೆಂಡತಿಯ ಮುಖ ನೋಡುತ್ತಾರೆ. ಬಾಯಿಬಿಟ್ಟು ಯಾರೂ ಏನೂ ಅನ್ನುವುದಿಲ್ಲ. ಮಾಸ್ತರಿಗೆ ಊರಿನವರು ಕೊಡುವ ಮರ್ಯಾದೆ ಅಷ್ಟರ ಮಟ್ಟಿಗೆ ಇನ್ನೂ ಉಳಿದಿದೆ.

ಶುರುವಾಗಿದ್ದು ಲಾಕ್‌ಡೌನಿನಲ್ಲಿ. ಮದುವೆಯಲ್ಲಿ ಹೆಂಡತಿಯ ತವರಿನವರು ಕೊಟ್ಟ ಮಷೀನು ಅಲ್ಲಿಯವರೆಗೆ ಟಿವಿ ಇಡುವ ಮೇಜಾಗಿ ಸೇವೆ ಸಲ್ಲಿಸುತ್ತಿತ್ತು. ಟಿವಿ ಗೋಡೆಗೆ ಹೋಯಿತು, ಮಷೀನು ನನ್ನ ಪಾಲಿಗೆ ಬಂತು. ಮರಾಠಿಯಲ್ಲಿ ಹೊಲಿಗೆ ಕಲಿಸುವ ಹೆಣ್ಣುಮಗಳೊಬ್ಬಳ ವಿಡಿಯೋ ನೋಡಿ ದಿಂಬಿನ ಚೀಲದಿಂದ ಹೊರಟವನು ಎರಡು ವರ್ಷದಲ್ಲಿ ಜಂಪರಿನವರೆಗೆ ಬಂದು ಮುಟ್ಟಿದೆ. ಬೇರೆ ಕಡೆಯವರು ಬ್ಲೌಸ್ ಅನ್ನುವುದಕ್ಕೆ ನಮ್ಮಲ್ಲಿ ಜಂಪರ್ ಅನ್ನುತ್ತಾರೆ. ನಾನು ಹೊಲಿದ ಜಂಪರನ್ನು ಹೆಂಡತಿ ಮನೆಯೊಳಗೆ ಹಾಕಿಕೊಳ್ಳುತ್ತಿದ್ದಳು, ಸಂತೆಗೆ ಹೊರಡುವಾಗ ಬದಲಿಸುತ್ತಿದ್ದಳು. ಹೊಸ ಬಟ್ಟೆ ಮಾಸದಿರಲಿ ಎಂಬ ಕಾಳಜಿ ಎಂದು ನಾನು ತಿಳಿದಿದ್ದೆ.

ಅವ್ವ ಮಾತ್ರ ನನ್ನ ಮಷೀನಿನ ಹತ್ತಿರ ಸುಳಿಯುತ್ತಿರಲಿಲ್ಲ. ಅವಳ ಜಂಪರ್ ಹೊಲಿಯುವವನು ಒಬ್ಬನೇ, ನಿಪ್ಪಾಣಿಯ ಗಲ್ಲಿಯೊಂದರ ಹಳೇ ಟೇಲರ್. ನಾವು ಮೊದಲು ಅಲ್ಲೇ ಇದ್ದವರು. ಅವ್ವ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಚೀಲ ಹೊತ್ತು, ಪುಡಿ ಜರಡಿ ಹಿಡಿದು ನನ್ನನ್ನು ಓದಿಸಿದಳು. ಚಿಕ್ಕೋಡಿಗೆ ಬಂದು ಇಷ್ಟು ವರ್ಷವಾದರೂ ಆಕೆ ವರ್ಷಕ್ಕೆರಡು ಸಲ ಬಸ್ ಹತ್ತಿ ಜಂಪರ್ ಹೊಲಿಸಲು ಅಲ್ಲಿಗೇ ಹೋಗುತ್ತಿದ್ದಳು.

“ಚಿಕ್ಕೋಡ್ಯಾಗ ಟೇಲರ್ ಇಲ್ಲೇನವ್ವಾ?” ಎಂದು ಕೇಳಿದರೆ, “ಅವರಿಗೆ ನನ್ನ ಅಳತಿ ಗೊತ್ತಿಲ್ಲ” ಅನ್ನುತ್ತಿದ್ದಳು. ಅಳತೆಯೆಂದರೆ ಇಂಚು, ಇಂಚು ಎಲ್ಲ ಊರಲ್ಲೂ ಒಂದೇ ಎಂದು ನಾನು ವಿವರಿಸುತ್ತಿದ್ದೆ. ಅವ್ವ ಒಂಬತ್ತನೇ ತರಗತಿಯ ಹುಡುಗರಂತೆ ಕೇಳಿಸಿಕೊಂಡು, ಅವರಂತೆಯೇ ಮರೆತುಬಿಡುತ್ತಿದ್ದಳು.

ಕಳೆದ ವರ್ಷ ಆ ಟೇಲರ್ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ. ಅದೇ ಹೊತ್ತಿಗೆ ಅಥಣಿಗೆ ಕೊಟ್ಟ ನನ್ನ ಮಗಳ ಕುಬಸ ಬಂತು. ಏಳನೇ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ಬೀಗರು ದ್ರಾಕ್ಷಿ ತೋಟದವರು, ಮನೆ ತುಂಬ ಮಂದಿ. ಅವ್ವನ ಜಂಪರುಗಳೋ, ಎಲ್ಲವೂ ಕಂಕುಳಲ್ಲಿ ಹರಿದಿದ್ದವು.

“ನಾ ಬರಂಗಿಲ್ಲ. ವಖಾರ್ಯಾಗ ದುಡದಾಕಿ ಹ್ಯಾಂಗ ಬಂದಾಳ ನೋಡು ಅಂತ ನಾಕ ಮಂದಿ ಅನ್ನೂದು ಬ್ಯಾಡ” ಎಂದಳು.

“ನಾ ಹೊಲೀತೀನಿ ಬಿಡು” ಎಂದೆ. ಅವ್ವ ನನ್ನನ್ನೂ ಮಷೀನನ್ನೂ ಬಹಳ ಹೊತ್ತು ನೋಡಿದಳು. ಬೇರೆ ದಾರಿ ಇರಲಿಲ್ಲ.

ನಮ್ಮ ಕಡೆ ಹೆಂಗಸರ ಮೈಗೆ ಟೇಪು ಹಚ್ಚುವ ರೂಢಿ ಕಡಿಮೆ. ಮೈಗೆ ಸರಿಯಾಗಿ ಕೂಡುವ ಹಳೆಯದೊಂದನ್ನು ಅಳತೆಗೆಂದು ಕೊಡುತ್ತಾರೆ, ಅದನ್ನು ನೋಡಿ ಹೊಸದು ಹೊಲಿಯುವುದು. ಅವ್ವನ ಭುಜಕ್ಕೆ ಟೇಪು ಹಚ್ಚುವ ಧೈರ್ಯ ನನಗೂ ಇರಲಿಲ್ಲ, ಮಗನ ಕೈಲಿ ಹಚ್ಚಿಸಿಕೊಳ್ಳುವ ಮನಸ್ಸು ಅವಳಿಗೂ ಇರಲಿಲ್ಲ. ಇದ್ದುದರಲ್ಲೇ ಗಟ್ಟಿಯಾದ ಒಂದು ಜಂಪರ್ ತಂದು ಕೊಟ್ಟು, “ಹ್ಯಾಂಗ ಐತಿ ಹಾಂಗ ಹೊಲಿ. ನಿನ್ನ ಶಾಣ್ಯಾತನ ಹಚ್ಚಬ್ಯಾಡ” ಎಂದಳು.

ಹಚ್ಚದೆ ಬಿಟ್ಟರೆ ನಾನು ಮಾಸ್ತರ ಹೇಗಾದೇನು? ಹೊಲಿಗೆ ಬಿಚ್ಚಿ ನೆಲದ ಮೇಲೆ ಹರಡಿದೆ. ಎಡ ಕಂಕುಳು ಬಲಕ್ಕಿಂತ ಅರ್ಧ ಇಂಚು ಸಡಿಲ. ಅದೂ ಸಾಲದೆಂದು ಎಡಭುಜದಲ್ಲಿ, ಬಟ್ಟೆಗೂ ಅಸ್ತರಿಗೂ ನಡುವೆ, ಬೂದುಬಣ್ಣದ ಹಳೇ ಅರಿವೆಯ ಗಂಟೊಂದು ಹೊಲಿದುಹೋಗಿತ್ತು. ಬಿಚ್ಚಿ ಎಣಿಸಿದೆ, ಆರು ಮಡಿಕೆ. ನನಗೆ ನಗು ತಡೆಯಲಾಗಲಿಲ್ಲ. ಹೆಂಡತಿಯನ್ನು ಕರೆದು, “ನೋಡಿದೇನ? ಅಂವಾ ಕೈ ಒರಸೂ ಅರಿವಿ ಒಳಗ ಮರತು ಹೊಲದಾನ. ಇಷ್ಟು ವರ್ಷ ಅವ್ವ ಇದನ್ನ ಹೊತ್ಕೊಂಡು ತಿರಗ್ಯಾಳ” ಎಂದೆ. ಗಂಟನ್ನು ಚಿಂದಿಯ ಬುಟ್ಟಿಗೆ ಒಗೆದೆ. ಎರಡೂ ಭುಜ ಸಮ, ಎರಡೂ ಕಂಕುಳು ಸಮ ಮಾಡಿ ಹೊಲಿದೆ. ನಡುವೆ ಮಡಚಿದರೆ ಒಂದು ಭಾಗ ಇನ್ನೊಂದರ ಮೇಲೆ ಕೂದಲೆಳೆಯಷ್ಟೂ ತಪ್ಪದೆ ಕೂಡುತ್ತಿತ್ತು. ನಾನು ಎರಡೆರಡು ಸಲ ಮಡಚಿ ನೋಡಿ ಸಂತೋಷಪಟ್ಟೆ.

ಅವ್ವ ಹಾಕಿಕೊಂಡು, ಸೆರಗನ್ನು ಎರಡೂ ಹೆಗಲಿಗೆ ಹೊದ್ದು ಹೊರಗೆ ಬಂದಳು. “ಚಲೋ ಆಗೇತಿ” ಎಂದಳು. ಅಷ್ಟೇ. ನಾನು ಇನ್ನೊಂದೆರಡು ಮಾತು ನಿರೀಕ್ಷಿಸಿದ್ದೆ.

ಕುಬಸದ ದಿನ ಅಥಣಿಯಲ್ಲಿ ಹಾಡಾಯಿತು, ಉಡಿ ತುಂಬಿದ್ದಾಯಿತು, ಹಿರಿಯರೆಲ್ಲ ಮಗಳ ಬಾಯಿಗೆ ಒಂದೊಂದು ತುತ್ತು ಇಡತೊಡಗಿದರು. ಅವ್ವನ ಸರದಿ ಬಂದಾಗ ನಾನು ಮೊಬೈಲು ಹಿಡಿದು ಮುಂದೆ ನಿಂತೆ, ಮಗಳಿಗಿಂತ ಹೆಚ್ಚಾಗಿ ಜಂಪರಿನ ಫೋಟೋ ತೆಗೆಯಲು. ಅವ್ವ ಎಡಗೈಯಿಂದ ತಟ್ಟೆ ಎತ್ತಿ ಹಿಡಿದು ಬಲಗೈಯಿಂದ ಹೋಳಿಗೆಯ ಚೂರು ಮುರಿದಳು. ಎಡ ಕಂಕುಳು ಜಗ್ಗಿತು. ಕೊರಳಿನ ಅಂಚು ಭುಜದಿಂದ ಜಾರಿತು. ಸೆರಗಿನೊಳಗಿಂದ ಏನೋ ಪಟ್ಟನೆ ನೆಲಕ್ಕೆ ಬಿತ್ತು. ನಾನು ಚಿಂದಿಯ ಬುಟ್ಟಿಗೆ ಒಗೆದಿದ್ದ ಬೂದುಬಣ್ಣದ ಗಂಟು, ಅದಕ್ಕೆ ಚುಚ್ಚಿದ ಒಂದು ಪಿನ್ನು.

“ಇದೇನ್ರಿ ಅಕ್ಕಾರ?” ಎಂದು ಬೀಗತಿ ಎತ್ತಿಕೊಟ್ಟರು.

“ಎಲಿ ಅಡಕಿ ಅರಿವಿರಿ” ಎಂದು ಅವ್ವ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವ್ವ ಎಲೆ ಅಡಿಕೆ ಬಿಟ್ಟು ಹತ್ತು ವರ್ಷವಾಗಿದೆ.

ಆಗ ನಾನು ಮೊಬೈಲಿನಲ್ಲಿ ನೋಡಿದೆ. ಜಂಪರ್ ನೆಟ್ಟಗಿತ್ತು. ಅವ್ವ ನೆಟ್ಟಗಿರಲಿಲ್ಲ. ಅವಳ ಎಡ ಹೆಗಲು ಬಲಕ್ಕಿಂತ ಬಹಳ ಕೆಳಗಿತ್ತು. ಸುತ್ತ ನಿಂತ ಹೆಂಗಸರೂ ಅದನ್ನೇ ನೋಡುತ್ತಿದ್ದರು. ಉಳಿದ ಇಡೀ ಹೊತ್ತು ಅವ್ವ ಮೂಲೆಯ ಕುರ್ಚಿಯಲ್ಲಿ ಎಡಗೈಯಿಂದ ಸೆರಗು ಬಿಗಿ ಹಿಡಿದು ಕೂತಳು, ಊಟಕ್ಕೂ ಪಂಕ್ತಿಗೆ ಬರಲಿಲ್ಲ.

ಮನೆಗೆ ಬಂದ ಮೇಲೆ ಹೆಂಡತಿಯನ್ನು ಕೇಳಿದೆ. “ಹೆಗಲ ಇಳದದ್ದು ನನಗ ಗೊತ್ತಿತ್ತ್ರಿ, ಅವರ ತಲಿ ಹಿಕ್ಕಿ ತುರುಬ ಕಟ್ಟುವಾಗ ಕಾಣತೈತಲ್ಲ. ಆ ಗಂಟು ಅದಕ್ಕಂತ ಮಾತ್ರ ನನಗೂ ಹೊಳೀಲಿಲ್ಲ. ನೀವು ಅವರ ಮಗ, ನಿಮಗ ಗೊತ್ತಿರತೈತಿ ಅನ್ಕೊಂಡಿದ್ದೆ” ಎಂದಳು. ಆದರೆ ಏಕೆ, ಎಂದಿನಿಂದ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಅವ್ವನನ್ನು ಕೇಳುವ ಮುಖ ನನಗಿರಲಿಲ್ಲ. ರವಿವಾರ ನಿಪ್ಪಾಣಿಗೆ ಹೋಗಿ ಟೇಲರನ ಮನೆ ಹುಡುಕಿದೆ.

ಮುದುಕ ಕಟ್ಟೆಯ ಮೇಲೆ ಕೂತು ಬಿಸಿಲು ಕಾಯಿಸುತ್ತಿದ್ದ. ಯಾರ ಮಗ ಎಂದು ಹೇಳಿದ ಕೂಡಲೇ ಕೂರಿಸಿ ಚಹಾ ತರಿಸಿದ. ಗಂಟಿನ ವಿಷಯ ಎತ್ತಿದಾಗ ಅವನಿಗೇ ಆಶ್ಚರ್ಯವಾಯಿತು.

“ನಿಮಗ ಗೊತ್ತಿಲ್ಲೇನ್ರಿ ಮಾಸ್ತರ? ವಖಾರ್ಯಾಗ ನಿಚ್ಚಣಿಕಿ ಮ್ಯಾಲಿಂದ ಚೀಲದ ಸಂಗಾಟ ಬಿದ್ದಿದ್ರು ನಿಮ್ಮವ್ವಾರು. ಹೆಗಲಿನ ಎಲಬು ಮುರದಿತ್ತು. ಹಳ್ಳಿ ವೈದ್ಯ ಕಟ್ಟಿದಾ, ಕೂಡಿತು ಖರೆ, ಓರೆ ಕೂಡಿತು. ನೀವಾಗ ಸಾಲ್ಯಾಗ ಐದನೇತ್ತೆ ಇರಬೇಕು. ನಿಮ್ಮನ್ನ ರಾಯಬಾಗಕ್ಕ ಮಾವನ ಮನಿಗೆ ಕಳಿಸಿದ್ರಲ್ಲ.”

ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಮಾವನ ಮನೆಯಲ್ಲಿ ಮಾವಿನಹಣ್ಣು ತಿಂದು ತಿಂದು ಹೊಟ್ಟೆ ಕೆಟ್ಟಿತ್ತು. ವಖಾರಿಯಲ್ಲಿ ಕೆಲಸ ಹೆಚ್ಚು ಎಂದು ಹೇಳಿ ಅವ್ವ ಕಳಿಸಿದ್ದಳು. ವಾಪಸು ಬಂದವನು ಇನ್ನೂ ನಾಲ್ಕು ದಿನ ಅಲ್ಲೇ ಬಿಡಬಾರದಿತ್ತೇ ಎಂದು ಅವಳ ಮೇಲೆ ಸಿಟ್ಟಾಗಿದ್ದೆ. ಇಷ್ಟು ಮಾತ್ರ ನೆನಪಿತ್ತು. ಆ ಕಟ್ಟೆಯ ಮೇಲೆ ಕೂತು ನನಗೆ ನಾಚಿಕೆಯಾಯಿತು, ಚಹಾ ಕೈಯಲ್ಲೇ ಆರಿತು.

ಕೊನೆಗೆ ಕೆಲಸದ ಮಾತು ಕೇಳಿದೆ. “ಆ ಗಂಟು ಎಷ್ಟ ದಪ್ಪ ಇಡಬೇಕ್ರಿ?”

“ಅದನ್ಯಾಂವ ಅಳದಾನ್ರಿ? ಅಕ್ಕಾರು ಅಂಗಡಿ ಬಾಗಲಾಗ ನಿಂತಾಗ ಒಂದ ಸಲ ನೋಡತಿದ್ದೆ. ಮೊದಲ ಎರಡ ಮಡಿಕಿ ಸಾಕಾಗತಿತ್ತು. ವಯಸ್ಸಾದಂಗ ಹೆಗಲ ಇಳೀತು, ನಾ ಒಂದೊಂದ ಹೆಚ್ಚ ಮಾಡಕೋತ ಬಂದೆ.”

ಮನೆಗೆ ಬಂದು ಅವ್ವನನ್ನು ಬಾಗಿಲಲ್ಲಿ ನಿಲ್ಲಲು ಹೇಳಿದೆ.

“ಯಾಕ?” ಎಂದಳು.

“ಮುಂದ ತೊಟ್ಟಿಲ ಕಾರ್ಯಕ್ಕ ಅಥಣಿಗೆ ಹೋಗಬೇಕಲ್ಲ. ಇನ್ನೊಂದ ಜಂಪರ್ ಹೊಲೀತೀನಿ.” ಆಮೇಲೆ ತಡೆಯಲಾರದೆ ಕೇಳಿಬಿಟ್ಟೆ, “ಮೊದಲ ಹೇಳಬಾರದಿತ್ತೇನವ್ವಾ?”

“ನೀ ಜಂಪರ್ ಕೇಳಿದಿ, ಕೊಟ್ಟೆ. ಹೆಗಲ ಕೇಳಿದ್ದಿಲ್ಲ.”

ಹೇಳಿ, ಬಾಗಿಲಲ್ಲಿ ನಿಂತು, ತಾನೇ ಸೆರಗು ಸರಿಸಿದಳು. ಟೇಪು ನನ್ನ ಕೊರಳಲ್ಲೇ ಇತ್ತು, ತೆಗೆಯಲಿಲ್ಲ. ಆ ಬೂದು ಅರಿವೆಯನ್ನು ಅವಳಿಂದಲೇ ಇಸಿದುಕೊಂಡು, ಮಡಚಿ ಅವಳ ಎಡ ಹೆಗಲ ಮೇಲಿಟ್ಟು, ಹಿಂದೆ ಸರಿದು ನೋಡಿದೆ. ಟೇಲರ್ ಇಟ್ಟಿದ್ದ ಆರು ಮಡಿಕೆ ಸಾಲಲಿಲ್ಲ.

“ಏಳು ಬೇಕವ್ವಾ” ಎಂದೆ.

“ಗೊತ್ತೈತಿ” ಎಂದಳು ಅವ್ವ.