ಚೌಡಮ್ಮನನ್ನು ಕರೆದುಕೊಂಡು ತೀರ್ಥಹಳ್ಳಿಗೆ

ಹೊಸನಗರದ ಬಸ್ಸು ಸಾಗರದಿಂದ ಬೆಳಿಗ್ಗೆ ಹೊರಟಾಗ ನನ್ನ ತೊಡೆಯ ಮೇಲೆ ಮೈಕ್ರೋಸ್ಕೋಪಿನ ಮರದ ಪೆಟ್ಟಿಗೆ ಇತ್ತು. ಅದನ್ನು ಟಾಪಿನ ಮೇಲೆ ಹಾಕಿ ಎಂದ ಕಂಡಕ್ಟರು. ಗಾಜಿನ ಸಾಮಾನು, ಒಡೆದೀತು ಎಂದೆ. "ಹಂಗಾರೆ ಅದ್ಕೂ ಅರ್ಧ ಟಿಕೇಟು" ಎಂದು ಹರಿದೇ ಕೊಟ್ಟ. ಪಕ್ಕದಲ್ಲಿದ್ದ ಡಾಕ್ಟರ್ ಸರೋಜಮ್ಮ ನಗುತ್ತಲೇ ದುಡ್ಡು ಕೊಟ್ಟರು.

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ ಮರುವರ್ಷದ ಚಳಿಗಾಲ ಅದು. ನಾನು ಶಿವಮೊಗ್ಗದಲ್ಲಿ ಲ್ಯಾಬಿನ ಕೆಲಸ ಕಲಿತು ಸರೋಜಮ್ಮನವರ ಕೈಕೆಳಗೆ ಹೊಸದಾಗಿ ಸೇರಿದ್ದೆ. ಮಲೇರಿಯಾದ ಚಳಿಜ್ವರ ಬಿಟ್ಟ ಮೇಲೂ ಕೆಲವರು ಯಾಕೆ ಚೇತರಿಸಿಕೊಳ್ಳುವುದಿಲ್ಲ ಎಂಬ ಪ್ರಶ್ನೆ ಅವರ ತಲೆಯನ್ನು ಹೊಕ್ಕಿತ್ತು. ಅದಕ್ಕಾಗಿಯೇ ಕಾರ್ಗಲ್‌ಗೆ ಹೋಗಿ ಕೂಲಿಯವರ ರಕ್ತ, ಮಲ ಎರಡನ್ನೂ ನೋಡಿದ್ದೆವು. ಜ್ವರ ಬಂದುಹೋದವರಲ್ಲಿ ಬಹಳ ಮಂದಿಗೆ ಹೊಟ್ಟೆಯಲ್ಲಿ ಕೊಕ್ಕೆಹುಳುವೂ ಇತ್ತು. ಅಲ್ಲಿ ಕಲ್ಲುಕ್ವಾರಿಯ ಮಂಜಪ್ಪ ಎಂಬಾತ ಕೈಮುಗಿದು ನಿಂತ. "ನನ್ ಹೆಂಡ್ತಿ ಚೌಡಮ್ಮ ತೌರಲ್ಲಿದಾಳೆ, ಹೊಸನಗರದ ಹತ್ರ. ಜ್ವರ ಬಿಡ್ತು, ಜೀವ ಬರ್ಲಿಲ್ಲ. ಒಂದ್ಸಲ ನೋಡಿ ಡಾಕ್ಟ್ರಮ್ಮಾ." ನಾವು ಹೇಗೂ ಹೊಸನಗರದ ಮೇಲೆಯೇ ತೀರ್ಥಹಳ್ಳಿಗೆ ಹೋಗಬೇಕಿತ್ತು. ಅವನೂ ನಮ್ಮ ಜೊತೆಗೆ ಬಸ್ಸು ಹತ್ತಿದ.

ದಾರಿಯುದ್ದಕ್ಕೂ ಕೆಂಪು ಧೂಳು. ಹೊಸನಗರದಲ್ಲಿ ಇಳಿದು ಕಡುಬು, ಚಟ್ನಿ ತಿಂದೆವು. ಆಮೇಲೆ ಕಾಡು ದಾರಿಯಲ್ಲಿ ನಡಿಗೆ. ಮುಳುಗಡೆಯಾಗಿ ಊರು ಬಿಟ್ಟುಬಂದ ಕೆಲವು ಕುಟುಂಬಗಳು ಮರ ಕಡಿದ ಜಾಗದಲ್ಲಿ ಹುಲ್ಲಿನ ಮನೆ ಕಟ್ಟಿಕೊಂಡಿದ್ದವು. ಮನೆಗಳು ಒತ್ತಾಗಿದ್ದವು. ಬಯಲಿಗೆ ಹೋಗಲು ಎಲ್ಲರಿಗೂ ಇದ್ದದ್ದು ಹಿಂದಿನ ಒಂದೇ ಪೊದೆಸಾಲು. ನೀರಿಗೆ ಹೋಗುವ ಕಾಲುದಾರಿಯೂ ಅಲ್ಲೇ. ಸರೋಜಮ್ಮ ನಿಂತು ಅದನ್ನೇ ನೋಡಿದರು. "ಎಲ್ಲರೂ ಬರಿಗಾಲಲ್ಲಿ ಓಡಾಡ್ತಾರೆ, ಅಲ್ವಾ?" ಎಂದು ಮಂಜಪ್ಪನನ್ನು ಕೇಳಿದರು. ಅವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಹೊಲಸು ಮಣ್ಣಿನಿಂದ ಕೊಕ್ಕೆಹುಳು ಅಂಗಾಲಿನ ಚರ್ಮ ಕೊರೆದು ಮೈಯೊಳಗೆ ಹೋಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಆ ಮನೆಗಳಲ್ಲೊಂದರಲ್ಲಿ ಚೌಡಮ್ಮ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಇನ್ನೂ ಚಿಕ್ಕ ವಯಸ್ಸು. ಮುಖ ಅರಿಶಿನ ತೊಳೆದ ನೀರಿನ ಹಾಗೆ, ಉಗುರು ಬಿಳಿ, ಪಾದ ಊದಿತ್ತು. ಎರಡು ಮಾತಾಡಿದರೆ ಉಬ್ಬಸ. ಅವಳ ಪಕ್ಕದ ಗೋಡೆಯಲ್ಲಿ ಅಂಗೈಯಗಲ ಮಣ್ಣು ಕಿತ್ತುಹೋಗಿತ್ತು. ಇಲಿ ಕೆರೆದಿದೆಯೇ ಎಂದು ನಾನು ಕೇಳಿದೆ. ಚೌಡಮ್ಮ ತಲೆ ತಗ್ಗಿಸಿದಳು. ಅವಳ ತಾಯಿ ಹಾಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಎಂತ ಹೇಳ್ಲಿ ಮಗಾ, ಇವ್ಳು ಮಣ್ ತಿಂತಾಳೆ. ಹುಚ್ಚು ಹಿಡೀತು ಅಂತ ಗಂಡನ ಮನೇರು ಇಲ್ಲಿ ತಂದು ಬಿಟ್ರು" ಎಂದಳು. ಮಂಜಪ್ಪ ಅಂಗಳದ ಕಡೆ ಮುಖ ತಿರುಗಿಸಿದ.

"ಹುಚ್ಚಲ್ಲ ಹಾಲಮ್ಮ" ಎಂದರು ಸರೋಜಮ್ಮ. "ಮೈಯಲ್ಲಿ ರಕ್ತ ಬತ್ತಿದಾಗ ಮಣ್ಣು ರುಚಿಯಾಗುತ್ತೆ. ರಕ್ತ ಎಲ್ಲಿ ಹೋಗ್ತಿದೆ ಅಂತ ನೋಡೋಣ."

ಬೆಂಕಿಪೊಟ್ಟಣದಲ್ಲಿ ಚೌಡಮ್ಮನ ಮಲ ಹಿಡಿದು ತರಬೇಕು ಎಂದು ಹೇಳಿದಾಗ ಮನೆಯವರೆಲ್ಲ ಮುಖ ಮುಖ ನೋಡಿಕೊಂಡರು. ಪಕ್ಕದ ಮನೆಯ ಹೆಂಗಸರು ಸೆರಗು ಕಚ್ಚಿಕೊಂಡು ನಕ್ಕರು. ಕೊನೆಗೆ ಹಾಲಮ್ಮನೇ ತಂದುಕೊಟ್ಟಳು. ಚೌಡಮ್ಮನ ಬೆರಳು ಚುಚ್ಚಿ ಒಂದು ಹನಿ ರಕ್ತವನ್ನೂ ತೆಗೆದುಕೊಂಡೆ. ಅಂಗಳದಲ್ಲಿ ಭತ್ತ ಕುಟ್ಟುವ ಒರಳನ್ನು ಬೋರಲು ಹಾಕಿ, ಮೈಕ್ರೋಸ್ಕೋಪು ಇಟ್ಟು, ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದೆ. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುವ ಕೊಕ್ಕೆಹುಳುವಿನ ತೆಳು ಚಿಪ್ಪಿನ ಮೊಟ್ಟೆಗಳು ಮೊದಲು ಕಂಡವು. ನಡುನಡುವೆ ಕಂದು ಬಣ್ಣದ, ಒರಟು ಮೈಯ ಬೇರೆ ಮೊಟ್ಟೆ: ಜಂತುಹುಳುವಿನದು. ರಕ್ತಕ್ಕೆ ಬಣ್ಣ ಹಾಕಿ ನೋಡಿದರೆ ಅಲ್ಲಿ ಚಳಿಜ್ವರದ ಕ್ರಿಮಿ ಇನ್ನೂ ಉಳಿದೇ ಇತ್ತು. ನಾನು ಸರಿದು ಸರೋಜಮ್ಮನವರಿಗೆ ಜಾಗ ಬಿಟ್ಟೆ. ಅವರು ಬಹಳ ಹೊತ್ತು ನೋಡಿ, "ಒಂದು ಮೈಯಲ್ಲಿ ಮೂರು ಸಂಸಾರ ಕಣೇ" ಎಂದರು.

ಚೌಡಮ್ಮ ತಾನೂ ನೋಡಬೇಕೆಂದಳು. ಮಂಜಪ್ಪ ಅವಳನ್ನು ಹಿಡಿದು ತಂದು ಕೂರಿಸಿದ. ಒಂದು ಕಣ್ಣು ಮುಚ್ಚಲು ಬಾರದೆ ಕೈಯಿಂದ ಮುಚ್ಚಿಕೊಂಡಳು.

"ಇವು ನನ್ನೊಳ್ಗೆ ಇದಾವಾ?"

"ಇದಾವೆ" ಎಂದರು ಸರೋಜಮ್ಮ.

"ಹಂಗಾರೆ ನಂಗೆ ಹುಚ್ಚಲ್ಲ" ಎಂದಳು. ಹೇಳಿದ್ದು ಗಂಡನಿಗೆ.

ಈಗಲೇ ಕೊಕ್ಕೆಹುಳುವಿಗೆ ಔಷಧಿ ಕೊಡಿ ಎಂದು ಮಂಜಪ್ಪ ಅವಸರ ಮಾಡಿದ. ಸರೋಜಮ್ಮ ಒಪ್ಪಲಿಲ್ಲ. ಆ ಔಷಧಿಗೆ ಜಂತುಹುಳು ಕೆರಳಿ ಗಂಟಾಗಿ ಕರುಳು ಕಟ್ಟಬಹುದು. ಇಷ್ಟು ಸೊರಗಿದ ಮೈ ಅದನ್ನು ತಡೆಯುವುದೂ ಇಲ್ಲ. ಮೊದಲು ಜ್ವರದ ಮಾತ್ರೆ ಮತ್ತು ಕಬ್ಬಿಣದ ಮಾತ್ರೆ, ಆಮೇಲೆ ಜಂತುವಿಗೆ, ಕೊನೆಗೆ ಕೊಕ್ಕೆಹುಳುವಿಗೆ. ಇದೆಲ್ಲ ತೀರ್ಥಹಳ್ಳಿಯ ಆಸ್ಪತ್ರೆಯಲ್ಲೇ ಆಗಬೇಕು ಎಂದರು. "ದಾರೀಲೇ ಏನಾದ್ರೂ ಆದ್ರೆ?" ಎಂದಳು ಹಾಲಮ್ಮ. "ಆಗಬಹುದು. ಇಲ್ಲೇ ಇದ್ರೆ ಖಂಡಿತ ಆಗುತ್ತೆ" ಎಂದರು ಸರೋಜಮ್ಮ.

ಮರುದಿನ ಮಂಜಪ್ಪ, ಅಕ್ಕಪಕ್ಕದವರು ಸೇರಿ ಕಂಬಳಿಯ ಜೋಲಿಯಲ್ಲಿ ಚೌಡಮ್ಮನನ್ನು ರಸ್ತೆಯವರೆಗೆ ಹೊತ್ತರು. ತೀರ್ಥಹಳ್ಳಿ ಬಸ್ಸಿನಲ್ಲಿ ಹಿಂದಿನ ಸೀಟು ಬಿಡಿಸಿ ಮಲಗಿಸಿದೆವು. ಘಟ್ಟದ ತಿರುವುಗಳಲ್ಲಿ ಅವಳ ನಾಡಿ ಓಡುತ್ತಿತ್ತು. ಸರೋಜಮ್ಮ ಮಣಿಕಟ್ಟು ಬಿಡಲೇ ಇಲ್ಲ. ಒಮ್ಮೆ ಚೌಡಮ್ಮನ ಕಣ್ಣು ಮೇಲೆ ಸಿಕ್ಕಿಕೊಂಡಾಗ ಹಾಲಮ್ಮ ದೇವರನ್ನು ಕೂಗಿದಳು. ಡ್ರೈವರು ಬಸ್ಸು ನಿಲ್ಲಿಸಿ, ತನ್ನ ಚೊಂಬಿನ ನೀರು ಕೊಟ್ಟು, ಅಲ್ಲಿಂದ ಮುಂದೆ ಎತ್ತಿನ ಗಾಡಿಯ ಹಾಗೆ ನಿಧಾನವಾಗಿ ಓಡಿಸಿದ. ಯಾರೂ ಗೊಣಗಲಿಲ್ಲ.

ತೀರ್ಥಹಳ್ಳಿಯಲ್ಲಿ ನಾವು ಎಣಿಸಿದ್ದಕ್ಕಿಂತ ಹೆಚ್ಚು ದಿನ ಉಳಿದೆವು. ಹಗಲು ಪಕ್ಕದ ಮೇಳಿಗೆಯ ಕಡೆ ಹೋಗಿ ಶಾಲೆಯ ಮಕ್ಕಳ ರಕ್ತ, ಮಲ ನೋಡುತ್ತಿದ್ದೆವು, ಸಂಜೆ ಆಸ್ಪತ್ರೆಗೆ ಬರುತ್ತಿದ್ದೆವು. ಜಂತುಗಳು ಬಿದ್ದವು. ಕೊಕ್ಕೆಹುಳುವಿನ ಔಷಧಿ ಕೊಟ್ಟ ದಿನ ಯಾರಿಗೂ ಊಟ ಸೇರಲಿಲ್ಲ. ಅದೂ ದಾಟಿತು. ನಾವು ಹೊರಡುವ ಹೊತ್ತಿಗೆ ಚೌಡಮ್ಮ ಗಂಜಿ ಕುಡಿದು ಇನ್ನೊಂದು ಬಟ್ಟಲು ಕೇಳುತ್ತಿದ್ದಳು.

ಚೌಡಮ್ಮನ ಬಳಿ ಮಂಜಪ್ಪನನ್ನು ಬಿಟ್ಟು, ಶಿವಮೊಗ್ಗದ ಬಸ್ಸಿಗೆ ನಮ್ಮನ್ನು ಬಿಡಲು ಹಾಲಮ್ಮ ಬಂದಳು. ಬಸ್ಸು ಹೊರಡುವ ಹೊತ್ತಿಗೆ ಮೆಲ್ಲಗೆ ಕೇಳಿದಳು:

"ಡಾಕ್ಟ್ರಮ್ಮಾ, ನಮ್ ಚೌಡಮ್ಮನ ಅಕ್ಕ ಒಬ್ಳಿದ್ಲು. ಹಿಂಗೇ ಬಿಳಿಚಿಕೊಂಡಿದ್ಲು. ಹೆರಿಗೇಲಿ ಹೋದ್ಲು. ಅವ್ಳಿಗೂ ಇದೇ ಇತ್ತಾ?"

ಸರೋಜಮ್ಮ ಮೆಟ್ಟಿಲ ಮೇಲಿಟ್ಟ ಕಾಲನ್ನು ಕೆಳಗಿಳಿಸಿದರು. "ಇದ್ದಿರಬಹುದು ಹಾಲಮ್ಮ. ನೋಡದೆ ಹೇಳಕ್ಕಾಗಲ್ಲ."

"ನೋಡೋರು ಯಾರೂ ಇರ್ಲಿಲ್ಲ" ಎಂದಳು ಹಾಲಮ್ಮ.

ಕಂಡಕ್ಟರು ಸೀಟಿ ಊದಿದ. ಸರೋಜಮ್ಮ ಹೋಗು ಎಂದು ಅವನಿಗೆ ಕೈ ಮಾಡಿ, ಹಾಲಮ್ಮನನ್ನು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂರಿಸಿ ಪಕ್ಕದಲ್ಲಿ ಕೂತರು. "ಹೆಸರೇನಿತ್ತು ಅವಳದ್ದು?" ಎಂದು ಕೇಳಿದರು. ಹಾಲಮ್ಮ ಹೇಳತೊಡಗಿದಳು. ನಾವು ಸಂಜೆಯ ಬಸ್ಸಿಗೆ ಹೊರಟೆವು.